ನೆನಪು ಬರೆಯೋಕೆ ಕಲಿಯಬೇಕು: ನೋಟ್‌ಬುಕ್ಕೋ, ಕಮ್ಮಟವೋ, ಫೋನಿನ ರೆಕಾರ್ಡರೋ?

ಶಿವಮೊಗ್ಗದ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು 19 ವರ್ಷ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ ಮಾಡಿದೆ. ಮದುವೆ ಕಾಗದ, ಬಿಲ್ ಬುಕ್, ಸೊಸೈಟಿಯ ವಾರ್ಷಿಕ ವರದಿ. ಇವುಗಳ ಮಧ್ಯೆ ವರ್ಷಕ್ಕೆ ಎರಡೋ ಮೂರೋ ಆತ್ಮಕಥೆಗಳೂ ಬರುತ್ತಿದ್ದವು. ಬಟ್ಟೆ ಅಂಗಡಿಯ ಕವರಿನಲ್ಲಿ ಹಾಳೆಗಳ ಕಟ್ಟು, ಮೇಲೊಂದು ರಬ್ಬರ್ ಬ್ಯಾಂಡು. ಮೊದಲ ಹಾಳೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: "ನಾನು ಇಂಥ ಇಸವಿಯಲ್ಲಿ, ಇಂಥ ಗ್ರಾಮದಲ್ಲಿ, ಬಡ ಆದರೆ ಸುಸಂಸ್ಕೃತ ಕುಟುಂಬದಲ್ಲಿ ಜನಿಸಿದೆನು." ಇಪ್ಪತ್ತನೇ ಪುಟಕ್ಕೆ ನೌಕರಿ ಸಿಕ್ಕಿರುತ್ತಿತ್ತು. ಅಲ್ಲಿಂದ ಮುಂದೆ ವರ್ಗಾವಣೆಗಳ ಪಟ್ಟಿ.

ಒಮ್ಮೆ ರಿಟೈರ್ ಆದ ಮೇಷ್ಟ್ರೊಬ್ಬರು ಪ್ರೂಫ್ ನೋಡೋಕೆ ಬಂದಿದ್ದರು. ಚಹಾ ಬರುವ ತನಕ ಸುಮ್ನೆ ಕೂತು ಹೇಳಿದರು: ಹೊಳೆ ತುಂಬಿ ಬಂದ ದಿನ ಪ್ರಶ್ನೆಪತ್ರಿಕೆಯ ಕಟ್ಟನ್ನು ತಲೆ ಮೇಲಿಟ್ಟುಕೊಂಡು ದೋಣಿಯಲ್ಲಿ ನಿಂತಿದ್ದು, ದೋಣಿಯವನು "ಮೇಷ್ಟ್ರೇ, ಕೂತ್ಕಳಿ, ಇಲ್ದಿದ್ರೆ ಇಬ್ರೂ ಫೇಲು" ಅಂದಿದ್ದು. ನಾನು ಕೀಲಿಮಣೆ ಬಿಟ್ಟು ಕೇಳಿದೆ. "ಇದು ಪುಸ್ತಕದಲ್ಲಿಲ್ವಲ್ಲ ಸರ್?" ಅಂದೆ. "ಅಯ್ಯೋ, ಅದನ್ನೆಲ್ಲ ಬರೀತಾರಾ?" ಅಂದುಬಿಟ್ಟರು.

ನೆನಪಿನ ಬರಹ ಕಲಿಯೋಕೆ ಯಾವ ದಾರಿ ಒಳ್ಳೇದು ಅಂತ ಈಗ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಕಮ್ಮಟಕ್ಕೆ ಹೋಗಲಾ, ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಲಾ, ಯಾರಿಗಾದರೂ ಹೇಳಿ ಬರೆಸಲಾ? ನಾನೂ ಅಪ್ಪಯ್ಯನ ಬಗ್ಗೆ ಬರೆಯಲು ಹೊರಟು ಇವುಗಳಲ್ಲಿ ಹೆಚ್ಚಿನವನ್ನು ಮಾಡಿ ನೋಡಿದೆ. ಒಂದೊಂದು ದಾರಿ ಒಂದೊಂದು ತೊಡಕನ್ನಷ್ಟೇ ಬಿಡಿಸುತ್ತದೆ. ಮೇಷ್ಟ್ರಿಗೆ ಬರೆಯೋಕೆ ಬರುತ್ತಿರಲಿಲ್ಲವೇ? ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು. ಕಾಗುಣಿತ ತಪ್ಪೇ ಇರಲಿಲ್ಲ. ಅವರಿಗಿಲ್ಲದ್ದು "ಇದನ್ನೇ ಬರೀರಿ ಸಾರ್" ಅಂತ ಹೇಳುವ ಒಬ್ಬ ಕೇಳುಗ. ಅವರು ಹತ್ತು ಸಾವಿರ ಕೊಟ್ಟು ವ್ಯಾಕರಣದ ಕ್ಲಾಸಿಗೆ ಸೇರಿದ್ದರೂ ಪ್ರಯೋಜನವಿರಲಿಲ್ಲ.

ಆಯ್ಕೆಗೆ ಮೊದಲು

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಆತ್ಮಕಥೆ ಅಂದರೆ ಹುಟ್ಟಿದಾಗಿನಿಂದ ಇವತ್ತಿನವರೆಗೆ. ನೆನಪಿನ ಬರಹಕ್ಕೆ ಆ ಹೊರೆ ಇಲ್ಲ. ಹಾಸ್ಟೆಲಿನ ಮೂರು ವರ್ಷ ಸಾಕು. ಮುಳುಗಡೆಯಾದ ಒಂದು ಊರು ಸಾಕು. ಒಬ್ಬ ಅತ್ತೆ ಸಾಕು. ಹೊಸದಾಗಿ ಶುರು ಮಾಡುವವರಿಗೆ ನಾನು ಯಾವಾಗಲೂ ಹೇಳುವುದು ಈ ಎರಡನೆಯದನ್ನೇ. ತನ್ನ ಬಗ್ಗೆ ಬರೆದುಕೊಳ್ಳಲು ಮುಜುಗರವಾಗುವವರಿಗಂತೂ ಡಿವಿಜಿಯವರ ದಾರಿ ಇದೆ. ಅವರ 'ಜ್ಞಾಪಕ ಚಿತ್ರಶಾಲೆ' ಎಂಟು ಸಂಪುಟ. ಅದರ ತುಂಬ ಇರುವುದು ಅವರು ಕಂಡ ಜನ.

ಈಗ ಅಳೆಯುವ ಕೋಲು. ಎಲ್ಲಕ್ಕಿಂತ ದೊಡ್ಡದು: ನೀವು ಎಲ್ಲಿ ನಿಂತುಬಿಡುತ್ತೀರಿ? ಕೆಲವರಿಗೆ ಮೊದಲ ಸಾಲೇ ಬರುವುದಿಲ್ಲ. ಬಾಯಲ್ಲಿ ಹೇಳು ಅಂದರೆ ರಾತ್ರಿಯಿಡೀ ಹೇಳುತ್ತಾರೆ, ಪೆನ್ನು ಹಿಡಿದರೆ ಗಪ್‌ಚುಪ್. ಕೆಲವರು ಉತ್ಸಾಹದಲ್ಲಿ ಮೂವತ್ತು ಪುಟ ಬರೆಯುತ್ತಾರೆ, ಆಮೇಲೆ ಅಡಿಕೆ ಕೊಯ್ಲು ಬಂತು, ಮಗಳ ಬಾಣಂತನ ಬಂತು, ಅಲ್ಲಿಗೆ ಮುಗಿಯಿತು. ಇನ್ನು ಕೆಲವರು ಬರೆಯುತ್ತಲೇ ಇರುತ್ತಾರೆ, ಆದರೆ ಅದು ಚೆನ್ನಾಗಿದೆಯೋ ಇಲ್ಲವೋ ಅವರಿಗೇ ಗೊತ್ತಾಗುವುದಿಲ್ಲ. ಶುರುವಾಗದ್ದು, ಮುಂದುವರಿಯದ್ದು, ತಿಳಿಯದ್ದು. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗುರುತು ಮಾಡಿಕೊಂಡು ಮುಂದೆ ಓದಿ.

ಎರಡನೆಯದು, ಯಾರಿಗೆ ಅಂತ ಬರೆಯುತ್ತೀರಿ ಅನ್ನುವುದು. ಮನೆಮಂದಿಗೋ, ಊರಿಗೋ, ಅಂಗಡಿಯಲ್ಲಿ ಕೊಂಡು ಓದುವ ಅಪರಿಚಿತರಿಗೋ? ಮೊಮ್ಮಕ್ಕಳಿಗೆ ಅಂತಾದರೆ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದರೆ ಸಾಕು.

ಮೂರನೆಯದು ಗುಟ್ಟಿನ ಪ್ರಶ್ನೆ. ಪಾಲು, ವ್ಯಾಜ್ಯ, ಕುಡಿತ, ಓಡಿಹೋದ ಚಿಕ್ಕಪ್ಪ. ಇವೆಲ್ಲ ನಿಮ್ಮ ಕತೆಯಲ್ಲಿ ಬಂದೇ ಬರುತ್ತವೆ. ಯಾರ ಮುಂದೆ ಓದಬಹುದು ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ.

ದುಡ್ಡು, ಹೊತ್ತು ಹೇಗೂ ಇದ್ದದ್ದೇ. ಇನ್ನೊಂದು ಮಾತ್ರ ಯಾರೂ ಕೇಳುವುದಿಲ್ಲ: ಯಾವ ಕನ್ನಡದಲ್ಲಿ ಬರೆಯುತ್ತೀರಿ? "ಜನಿಸಿದೆನು" ಅನ್ನುವ ಕನ್ನಡದಲ್ಲೋ, "ಹುಟ್ಟಿದ್ದು" ಅನ್ನುವ ಕನ್ನಡದಲ್ಲೋ? ಮನೆಯಲ್ಲಿ ತುಳುವೋ, ಕೊಂಕಣಿಯೋ, ಬ್ಯಾರಿಯೋ, ಉರ್ದುವೋ ಆಡುವವರಿಗೆ ಇದು ಇನ್ನೂ ಗಟ್ಟಿಯಾದ ಪ್ರಶ್ನೆ. ನಿಮ್ಮ ಮಾತಿನ ಧಾಟಿ ಉಳಿಸುವ ದಾರಿ ಬೇರೆ, ಅದನ್ನು ನೀಟಾಗಿ ಇಸ್ತ್ರಿ ಮಾಡಿಬಿಡುವ ದಾರಿ ಬೇರೆ.

ನೋಟ್‌ಬುಕ್ಕು ಮತ್ತು ಲೈಬ್ರರಿ

ಎಲ್ಲಕ್ಕಿಂತ ಅಗ್ಗ. ಒಂದು 200 ಪುಟದ ಲಾಂಗ್ ನೋಟ್‌ಬುಕ್ಕು, ಲೈಬ್ರರಿಯ ಕಾರ್ಡು. ಬೆಳಿಗ್ಗೆ ಅರ್ಧ ಗಂಟೆ. ಗುಟ್ಟು ಕಾಪಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಬೀಗದ ಕೈ ನಿಮ್ಮ ಹತ್ತಿರವೇ ಇದ್ದರೆ.

ಓದುವುದನ್ನು ಮಾತ್ರ ಸ್ವಲ್ಪ ಯೋಚಿಸಿ ಶುರು ಮಾಡಿ. ಹೊಸಬರು ನೇರವಾಗಿ ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' ಎತ್ತಿಕೊಳ್ಳುತ್ತಾರೆ. ಸಾವಿರ ಪುಟ ದಾಟುವ ಪುಸ್ತಕ. ನಾನು ತೀರ್ಥಹಳ್ಳಿ ಕಡೆಯ ಮನುಷ್ಯ, ಆ ಕಾಡು, ಆ ಮಳೆ ನನ್ನದೂ ಹೌದು. ಆದರೂ ಅದನ್ನು ಓದಿದ ಮೇಲೆ ಆರು ತಿಂಗಳು ನನ್ನ ನೋಟ್‌ಬುಕ್ ಮುಟ್ಟಲಿಲ್ಲ. ಇಷ್ಟೆಲ್ಲ ನನಗೆ ನೆನಪೇ ಇಲ್ಲವಲ್ಲ ಅನಿಸಿಬಿಟ್ಟಿತು. ಅವರು ಆಗಾಗ ಹಳೆಯ ದಿನಚರಿಯ ಪುಟಗಳನ್ನೇ ಎತ್ತಿ ಕೊಡುತ್ತಾರೆ ಅನ್ನುವುದು ಆಮೇಲೆ ಹೊಳೆಯಿತು. ನಮ್ಮ ಹತ್ತಿರ ದಿನಚರಿ ಎಲ್ಲಿದೆ? ಇರುವುದು ಹಾಲಿನ ಲೆಕ್ಕದ ಕ್ಯಾಲೆಂಡರು.

ಕಲಿಯೋಕೆ ಅಂತಾದರೆ ಸಿದ್ದಲಿಂಗಯ್ಯನವರ 'ಊರುಕೇರಿ'ಯ ಮೊದಲ ಭಾಗದಿಂದ ಶುರು ಮಾಡಿ. ಪುಟ ಕಡಿಮೆ. ಬಡತನ, ಜಾತಿಯ ಅವಮಾನ ಎಲ್ಲ ಇದೆ, ಆದರೆ ಹೇಳುವವರು ನಗುತ್ತ ಹೇಳುತ್ತಾರೆ. ಸಣ್ಣ ಸಣ್ಣ ಪ್ರಸಂಗ, ಸಣ್ಣ ವಾಕ್ಯ. ಒಂದು ಪ್ರಸಂಗ ಎಲ್ಲಿ ನಿಲ್ಲುತ್ತದೆ ನೋಡಿ, ಕಲಿಯಬೇಕಾದ್ದು ಅಲ್ಲಿದೆ. ಮನೆಯೊಳಗಿನ ನೋವನ್ನು ಬರೆಯಬೇಕು, ಧೈರ್ಯ ಸಾಲುತ್ತಿಲ್ಲ ಅನ್ನುವವರಿಗೆ ವಿಜಯಾ ಅವರ 'ಕುದಿ ಎಸರು'. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಮಾತಿನ ಕನ್ನಡಕ್ಕೆ ಹೆದರುವವರು ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'ದ ಹೆಸರನ್ನೇ ಒಮ್ಮೆ ಗಟ್ಟಿಯಾಗಿ ಓದಿ. ಧಾರವಾಡದ ಮಾತು ಮುಖಪುಟದ ಮೇಲೇ ಕೂತಿದೆ.

ಕೊರತೆ ಏನು? ನೋಟ್‌ಬುಕ್ಕು ಎಂದೂ ತಿರುಗಿ ಪ್ರಶ್ನೆ ಕೇಳುವುದಿಲ್ಲ. ಶುರುವಾಗದವರಿಗೆ, ಮುಂದುವರಿಯದವರಿಗೆ ಇದು ಒಂಟಿಯಾಗಿ ಸಾಲದು. ನನ್ನದು ಎರಡನೇ ಜಾತಿ. ಮೂರು ನೋಟ್‌ಬುಕ್ಕಿನಲ್ಲಿ ಮೊದಲ ನಲವತ್ತು ಪುಟ ತುಂಬಿವೆ, ಉಳಿದದ್ದರಲ್ಲಿ ಮೊಮ್ಮಗ ಚಿತ್ರ ಬರೆದಿದ್ದಾನೆ.

ಮಾತಾಡಿ ರೆಕಾರ್ಡ್ ಮಾಡುವುದು

ಪೆನ್ನು ಹಿಡಿದರೆ ಕೈ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಾಣೆ. ಖರ್ಚೂ ಇಲ್ಲ, ಫೋನಿನಲ್ಲಿ ರೆಕಾರ್ಡರ್ ಇದ್ದೇ ಇರುತ್ತದೆ.

ನಾನು ದೊಡ್ಡಮ್ಮನ ಹತ್ತಿರ ಕೂತು ಅಪ್ಪಯ್ಯನ ಕತೆ ರೆಕಾರ್ಡ್ ಮಾಡಿದೆ. ಅಪ್ಪಯ್ಯ ನಮ್ಮ ಹಳ್ಳಿಯ ಬ್ರಾಂಚ್ ಪೋಸ್ಟ್‌ಮಾಸ್ಟರ್. ಪೋಸ್ಟಾಫೀಸು ಇದ್ದದ್ದು ನಮ್ಮ ಮನೆ ಜಗಲಿಯಲ್ಲೇ. ಮೊದಲ ದಿನ "ಅಪ್ಪಯ್ಯನ ಬಗ್ಗೆ ಹೇಳಿ ದೊಡ್ಡಮ್ಮ" ಅಂದೆ. "ಎಂತ ಹೇಳೂದು, ದೇವರಂಥ ಮನುಷ್ಯ" ಅಂದರು. ಅಷ್ಟೇ. ಎರಡು ನಿಮಿಷಕ್ಕೆ ರೆಕಾರ್ಡಿಂಗ್ ಮುಗೀತು. ಎರಡನೇ ದಿನ ಬುದ್ಧಿ ಬಂತು. "ಟಪ್ಪಾಲು ಚೀಲಕ್ಕೆ ಅರಗು ಹಾಕ್ತಿದ್ರಲ್ಲ, ಅದನ್ನ ಎಲ್ಲಿ ಕರಗಿಸ್ತಿದ್ರು?" ಅಂದೆ. ದೊಡ್ಡಮ್ಮ ಎದ್ದು ಕೂತರು. ಅರಗು ಕರಗಿಸಲು ಅಡುಗೆಮನೆಯ ಚಿಮಣಿ ದೀಪ ಒಯ್ಯುತ್ತಿದ್ದದ್ದು, ಅದಕ್ಕೆ ಅಮ್ಮ ಬೈಯುತ್ತಿದ್ದದ್ದು, ಒಮ್ಮೆ ಬಿಸಿ ಅರಗು ನನ್ನ ಅಣ್ಣನ ಪಾದಕ್ಕೆ ಬಿದ್ದದ್ದು, ಅಪ್ಪಯ್ಯ ಮಗುವನ್ನು ಎತ್ತಿಕೊಳ್ಳುವ ಮೊದಲು ಮೊಹರು ಒತ್ತಿ ಮುಗಿಸಿದ್ದು. ನಲವತ್ತು ನಿಮಿಷ. ಮಧ್ಯೆ ಎರಡು ಸಲ ಕುಕ್ಕರ್ ಕೂಗಿದೆ. ವಸ್ತು ಕೇಳಿದರೆ ಕತೆ ಬರುತ್ತದೆ, ವ್ಯಕ್ತಿ ಕೇಳಿದರೆ ಪ್ರಶಸ್ತಿಪತ್ರ ಬರುತ್ತದೆ. ನಿಮ್ಮನ್ನು ನೀವೇ ರೆಕಾರ್ಡ್ ಮಾಡಿಕೊಳ್ಳುವಾಗಲೂ ಹಾಗೇ. "ನನ್ನ ಬಾಲ್ಯ" ಅಂತ ಶುರು ಮಾಡಬೇಡಿ. "ನಮ್ಮ ಮನೆಯ ಬಚ್ಚಲೊಲೆ" ಅಂತ ಶುರು ಮಾಡಿ.

ಇನ್ನು ಬೆವರು ಹರಿಸುವ ಭಾಗ. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಟೈಪ್ ಮಾಡಲು ನನಗೆ ನಾಲ್ಕೈದು ಗಂಟೆ ಹಿಡಿಯಿತು. ಟೈಪಿಂಗೇ ನನ್ನ ಹೊಟ್ಟೆಪಾಡು ಆಗಿತ್ತು ಅನ್ನುವುದು ನೆನಪಿರಲಿ. ಗೂಗಲ್ ಡಾಕ್ಸಿನಲ್ಲಿ, ಫೋನಿನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡದ ವಾಯ್ಸ್ ಟೈಪಿಂಗ್ ಇದೆ. ನೀವು ಹೇಳಿದ ಹಾಗೆ ಅದು ಬರೆಯುತ್ತಾ ಹೋಗುತ್ತದೆ. ಪುಸ್ತಕದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ದೊಡ್ಡಮ್ಮನ ಕನ್ನಡವನ್ನು ಹಿಡಿಯುವುದಿಲ್ಲ. ಅರಗು ಅಂದದ್ದಕ್ಕೆ ಅರಗಿಣಿ ಅಂತ ಬರೆಯಿತು, ಟಪ್ಪಾಲು ಚೀಲಕ್ಕೆ ಗಿಣಿ ಹಾಕಿದ ಹಾಗಾಯಿತು. ಪೂರ್ಣವಿರಾಮಗಳನ್ನೂ ನಾನೇ ಕೂತು ಹಾಕಬೇಕಾಯಿತು. ಆದರೂ ಖಾಲಿ ಹಾಳೆಗಿಂತ ತಪ್ಪು ತುಂಬಿದ ಹಾಳೆ ಎಷ್ಟೋ ವಾಸಿ.

ನನ್ನ ಕಸುಬಿನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೈಪ್ ಮಾಡುವುದಾದರೆ ಯೂನಿಕೋಡಿನಲ್ಲೇ ಮಾಡಿ, ಅದು ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ. 'ನುಡಿ', 'ಬರಹ' ಅನ್ನುವ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಸಿದ ಕಡತ ಮಗನ ಫೋನಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಪ್ರೆಸ್ಸಿನವರು ನುಡಿಯಲ್ಲೇ ಬೇಕು ಅಂದರೆ ಪರಿವರ್ತಕ ತಂತ್ರಾಂಶ ಇದೆ, ಅದು ಅವರ ತಲೆನೋವು.

ಈ ದಾರಿಯ ದೊಡ್ಡ ಲಾಭ, ನಿಮ್ಮ ಮಾತಿನ ಧಾಟಿ ಉಳಿಯುತ್ತದೆ. ನಷ್ಟವೂ ಅದೇ. ಮಾತಿನಲ್ಲಿ ಚೆನ್ನಾಗಿ ಕೇಳುವ ಸುತ್ತುಬಳಸು ಕಾಗದದಲ್ಲಿ ಬೇಸರ ಹುಟ್ಟಿಸುತ್ತದೆ. ಹತ್ತು ಪುಟ ಮಾತನ್ನು ಮೂರು ಪುಟ ಮಾಡುವ ಕೆಲಸ ಬಾಕಿಯೇ ಇರುತ್ತದೆ. ಆ ಕತ್ತರಿ ಕೆಲಸವನ್ನು ರೆಕಾರ್ಡರ್ ಕಲಿಸುವುದಿಲ್ಲ.

ಕಮ್ಮಟ

ಎರಡು ಮೂರು ದಿನ, ಊಟ ವಸತಿ, ಒಬ್ಬಿಬ್ಬರು ಹೆಸರಾಂತ ಬರಹಗಾರರು. ಸಾಹಿತ್ಯ ಅಕಾಡೆಮಿ ನಡೆಸುತ್ತದೆ, ಕಾಲೇಜುಗಳು, ಸಂಘಗಳು ನಡೆಸುತ್ತವೆ. ಪತ್ರಿಕೆಯಲ್ಲಿ ಸಣ್ಣದಾಗಿ ಪ್ರಕಟಣೆ ಬರುತ್ತದೆ. ದುಡ್ಡು ಹೆಚ್ಚು ಬೇಕಾಗುವುದಿಲ್ಲ. ಎರಡು ತೊಡಕು: ಹೆಚ್ಚಿನವು ಕತೆ, ಕವಿತೆಯ ಕಮ್ಮಟಗಳು; ಕೆಲವಕ್ಕೆ ವಯಸ್ಸಿನ ಮಿತಿ ಇರುತ್ತದೆ. ಅರವತ್ತಕ್ಕೆ ಪೆನ್ನು ಹಿಡಿದವರು ಅರ್ಜಿ ಹಾಕುವ ಮೊದಲು ಫೋನ್ ಮಾಡಿ ಕೇಳಿಬಿಡಿ.

ಕತೆಯ ಕಮ್ಮಟವಾದರೂ ಹೋಗಿ ಅಂತಲೇ ನಾನು ಹೇಳುವುದು. ಒಂದು ಪ್ರಸಂಗವನ್ನು ಎಲ್ಲಿಂದ ಶುರು ಮಾಡಬೇಕು, ಯಾರ ಕಣ್ಣಿನಿಂದ ನೋಡಬೇಕು ಅನ್ನುವುದು ಎರಡಕ್ಕೂ ಒಂದೇ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ನಡೆಸುವ ಶಿಬಿರ ಬರವಣಿಗೆಯ ತರಗತಿ ಅಲ್ಲ. ಅಲ್ಲಿ ಓದು, ನಾಟಕ, ಚರ್ಚೆ. ಆದರೆ ಬರೆಯುವವರ ಜತೆ ಊಟದ ಸಾಲಿನಲ್ಲಿ ನಿಲ್ಲುವುದೇ ಒಂದು ಪಾಠ.

ಕಮ್ಮಟದಲ್ಲಿ ಸಿಗುವುದು ಹುರುಪು. ಅದು ಮನೆಗೆ ಬಂದ ಮೇಲೆ ಎಷ್ಟು ದಿನ ಇರುತ್ತದೆ? ನನಗೆ ಹನ್ನೊಂದು ದಿನ ಇತ್ತು. ಶುರುವಾಗದವರಿಗೆ ಒಳ್ಳೆಯ ತಳ್ಳು, ಮುಂದುವರಿಯದವರಿಗೆ ಅಷ್ಟಕ್ಕಷ್ಟೆ. ಮನೆ ಗುಟ್ಟನ್ನು ಇಪ್ಪತ್ತೈದು ಅಪರಿಚಿತರ ಮುಂದೆ ಓದುವುದು ಕೆಲವರಿಗೆ ಸುಲಭ, ಕೆಲವರಿಗೆ ಆಗದ ಮಾತು. ಅಪರಿಚಿತರೇ ವಾಸಿ ಅನ್ನುವವರೂ ಇದ್ದಾರೆ, ಅವರು ನಾಳೆ ಸಂತೆಯಲ್ಲಿ ಸಿಗುವುದಿಲ್ಲವಲ್ಲ.

ಆನ್‌ಲೈನ್ ಕ್ಲಾಸು

ಹೆಚ್ಚು ಹೇಳುವುದಿಲ್ಲ. ನಾನು 4,500 ರೂಪಾಯಿ ಕಟ್ಟಿ ಎಂಟು ಭಾನುವಾರದ ಒಂದು ಕ್ಲಾಸಿಗೆ ಸೇರಿದ್ದೆ. ಕಲಿಸಿದವರು ಒಳ್ಳೆಯವರೇ. ಆದರೆ ಉದಾಹರಣೆಗಳೆಲ್ಲ ಇಂಗ್ಲಿಷ್ ಪುಸ್ತಕದ್ದು. ಅರವತ್ತು ಜನರಲ್ಲಿ ನನ್ನ ಎರಡು ಪುಟ ಓದಿ ಹೇಳುವವರು ಯಾರು? ಸೇರುವ ಮೊದಲು ಮೂರು ಕೇಳಿ: ಒಂದು ತಂಡದಲ್ಲಿ ಎಷ್ಟು ಜನ, ನನ್ನ ಬರಹವನ್ನು ಯಾರು ಓದಿ ಹೇಳುತ್ತಾರೆ, ಅದು ಕನ್ನಡದಲ್ಲೇ ನಡೆಯುತ್ತದೋ? ಹನ್ನೆರಡಕ್ಕಿಂತ ಕಡಿಮೆ ಜನ ಇದ್ದು, ಪ್ರತಿ ವಾರ ಬರೆದು ಕೊಡಲೇಬೇಕು ಅಂತಿದ್ದರೆ ದುಡ್ಡಿಗೆ ಮೋಸವಿಲ್ಲ. ದುಬೈ, ಡಲ್ಲಾಸ್ ಕಡೆ ಇರುವ ಕನ್ನಡದವರಿಗಂತೂ ಎಷ್ಟೋ ಸಲ ಇದೊಂದೇ ಕೈಗೆಟುಕುವ ದಾರಿ. ಬರೀ ವಿಡಿಯೊ ಕಳಿಸುತ್ತೇವೆ ಅಂದರೆ ಆ ದುಡ್ಡಲ್ಲಿ ಪುಸ್ತಕ ಕೊಳ್ಳಿ.

ಫೇಸ್‌ಬುಕ್ಕಿನಲ್ಲಿ ದಿನಾ ಒಂದು ನೆನಪು ಬರೆಯುವವರೂ ಇದ್ದಾರೆ. ಕೈ ಪಳಗುತ್ತದೆ ನಿಜ. ಆದರೆ ಮೆಚ್ಚುಗೆ ಬೇಗ ಬರುವ ಕಡೆ ಬರಹ ಮೆಲ್ಲಗೆ ಅದಕ್ಕೆ ಬಾಗುತ್ತದೆ. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಅಂದರೆ ಇನ್ನೂರು ಲೈಕು, ಅಪ್ಪ ಹೊಡೆಯುತ್ತಿದ್ದರು ಅಂದರೆ ಮೌನ. ಆ ಮೌನಕ್ಕೆ ಹೆದರಿ ಬಿಟ್ಟುಬಿಟ್ಟ ಪ್ರಸಂಗವೇ ನಿಮ್ಮ ಪುಸ್ತಕದ ಜೀವ ಆಗಿರಬಹುದು.

ನಾಲ್ಕು ಜನರ ಗುಂಪು

ನನಗೆ ಕೊನೆಗೂ ಕೈ ಹಿಡಿದದ್ದು ಇದು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ, ಒಬ್ಬರ ಮನೆಯಲ್ಲಿ. ಒಬ್ಬ ನಿವೃತ್ತ ನರ್ಸಮ್ಮ, ಒಬ್ಬ ಬಸ್ ಕಂಡಕ್ಟರು, ಬ್ಯಾಂಕಿನಲ್ಲಿರುವ ಒಬ್ಬ ಹುಡುಗಿ, ನಾನು. ನಿಯಮ ಕೆಲವೇ. ಎರಡು ಪುಟಕ್ಕಿಂತ ಹೆಚ್ಚು ತರುವಂತಿಲ್ಲ. ಗಟ್ಟಿಯಾಗಿ ಓದಬೇಕು. ಕೇಳಿದವರು "ಚೆನ್ನಾಗಿದೆ" ಅನ್ನುವ ಹಾಗಿಲ್ಲ, ಸಲಹೆ ಕೊಡುವ ಹಾಗಿಲ್ಲ, ಪ್ರಶ್ನೆ ಮಾತ್ರ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಬರೆಯದೆ ಬಂದವರು ಬೋಂಡ ತರಬೇಕು.

ನಾನು ಮೊದಲ ದಿನ ಓದಿದ್ದು ಹೀಗಿತ್ತು: "ನಮ್ಮ ತಂದೆಯವರು ಅತ್ಯಂತ ಪ್ರಾಮಾಣಿಕರಾಗಿದ್ದರು. ಸರಕಾರದ ಒಂದು ಪೈಸೆಯನ್ನೂ ಮುಟ್ಟುತ್ತಿರಲಿಲ್ಲ." ಕಂಡಕ್ಟರು ಕೇಳಿದರು: "ದುಡ್ಡು ಎಲ್ಲಿ ಇಡ್ತಿದ್ರು?" ನಾನು, "ಮೇಜಿನ ಡ್ರಾಯರಿನಲ್ಲಿ." "ಮನೆ ದುಡ್ಡು?" "ಅದೇ ಮೇಜು, ಈಚೆ ಡ್ರಾಯರು." ಇಪ್ಪತ್ತೈದು ವರ್ಷ ಟಿಕೆಟ್ ದುಡ್ಡಿನ ಚೀಲ ಹೆಗಲಿಗೆ ಹಾಕಿಕೊಂಡವರಿಗೆ ಮಾತ್ರ ಆ ಪ್ರಶ್ನೆ ಹೊಳೆಯಲು ಸಾಧ್ಯ. ಮುಂದಿನ ಸಲ ನಾನು ಒಯ್ದದ್ದು ಇದು:

"ಜಗಲಿಯ ಮೂಲೆಯಲ್ಲಿ ಅಪ್ಪಯ್ಯನ ಮೇಜು. ಎಡಗಡೆ ಡ್ರಾಯರು ಸರಕಾರದ್ದು, ಬಲಗಡೆಯದು ಮನೆಯದು. ಅಜ್ಜಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬೇಕಾದರೂ ಅಪ್ಪಯ್ಯ ಬಲಗಡೆಯಿಂದ ಚಿಲ್ಲರೆ ತೆಗೆದು, ಎಡಗಡೆ ಹಾಕಿ, ಲೆಕ್ಕ ಬರೆದು, ಆಮೇಲೆ ಕೊಡುತ್ತಿದ್ದರು. ಎರಡು ಡ್ರಾಯರಿಗೂ ಮಧ್ಯೆ ಒಂದು ಗೇಣು. ತಿಂಗಳ ಕೊನೆಗೆ ಬಲಗಡೆಯದರಲ್ಲಿ ಬರೀ ರಬ್ಬರ್ ಬ್ಯಾಂಡು ಇರುತ್ತಿದ್ದವು."

ಪ್ರಾಮಾಣಿಕ ಅನ್ನುವ ಪದವೇ ಬೇಕಾಗಲಿಲ್ಲ. ಇದನ್ನು ನನಗೆ ಯಾವ ಕ್ಲಾಸೂ ಕಲಿಸಿರಲಿಲ್ಲ, ಒಂದು ಡ್ರಾಯರಿನ ಪ್ರಶ್ನೆ ಕಲಿಸಿತು.

ಗುಂಪಿನ ಕಷ್ಟ ಏನೆಂದರೆ ಜನ ಸಿಗಬೇಕು. ನೆಂಟರನ್ನು ಸೇರಿಸಬೇಡಿ. ಅವರು ಪ್ರಶ್ನೆ ಕೇಳುವುದಿಲ್ಲ, "ಹಾಗಲ್ಲ ನಡೆದದ್ದು" ಅಂತ ಜಗಳಕ್ಕೆ ಬರುತ್ತಾರೆ. ಸಾಹಿತ್ಯ ಬಲ್ಲವರೇ ಬೇಕು ಅಂತಿಲ್ಲ. ತೀರ್ಪು ಕೊಡುವ ಚಪಲ ಇರುವ ಒಬ್ಬರು ಸೇರಿದರೂ ಗುಂಪು ಒಡೆಯುತ್ತದೆ, ನಮ್ಮದು ಒಮ್ಮೆ ಒಡೆದೂ ಇತ್ತು. ಮತ್ತೆ ಶುರು ಮಾಡಲು ನಾಲ್ಕು ತಿಂಗಳು ಬೇಕಾಯಿತು.

ಬೇರೆಯವರ ಕೈಯಲ್ಲಿ ಬರೆಸುವುದು

ಇದನ್ನು ಕೀಳಾಗಿ ನೋಡುವವರಿದ್ದಾರೆ. ಕಾರಣವಿಲ್ಲ. ಯು.ಆರ್. ಅನಂತಮೂರ್ತಿ ಅವರಂಥವರು ತಮ್ಮ 'ಸುರಗಿ'ಯನ್ನು ಹೇಳಿ ಬರೆಸಿದರು, ನಿರೂಪಣೆ ಜ.ನಾ. ತೇಜಶ್ರೀ ಅವರದು. ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ವೈದೇಹಿಯವರ ಕೈಯಲ್ಲಿ ಪುಸ್ತಕವಾಯಿತು. ಕೇಳುವವರು ಒಳ್ಳೆಯ ಬರಹಗಾರರಾದರೆ ಹೇಳುವವರ ದನಿ ಕೆಡುವುದಿಲ್ಲ, ಇನ್ನೂ ತಿಳಿಯಾಗುತ್ತದೆ.

ನಮ್ಮ ನಿಮ್ಮಂಥವರಿಗೆ ಅಂಥ ಕೇಳುಗರು ಸಿಗುವುದು ಕಷ್ಟ. ದುಡ್ಡಿಗೆ ಬರೆದುಕೊಡುವವರು ಸಿಗುತ್ತಾರೆ. ಕೆಲವರು ಪುಟಕ್ಕಿಷ್ಟು ಅನ್ನುತ್ತಾರೆ, ಕೆಲವರು ಪುಸ್ತಕಕ್ಕಿಷ್ಟು. ಮುಂಗಡ ಕೊಡುವ ಮೊದಲು ಹತ್ತು ಪುಟ ಬರೆಸಿ, ಅದಕ್ಕೆ ಬೇರೆಯೇ ದುಡ್ಡು ಕೊಡಿ. ಆ ಹತ್ತು ಪುಟವನ್ನು ಮನೆಯವರ ಮುಂದೆ ಓದಿ. "ಇದು ನೀನು ಮಾತಾಡಿದ ಹಾಗೇ ಇದೆ" ಅಂದರೆ ಮುಂದುವರಿಯಿರಿ. "ಭಾಷೆ ಬಹಳ ಚೆನ್ನಾಗಿದೆ" ಅಂದರೆ ನಿಲ್ಲಿಸಿ. ಬರೆದು, ಅಚ್ಚು ಹಾಕಿ, ಬಿಡುಗಡೆ ಸಮಾರಂಭವನ್ನೂ ಮಾಡಿಸಿಕೊಡುತ್ತೇವೆ ಅನ್ನುವ ಪ್ಯಾಕೇಜಿನಲ್ಲಿ ಒಂದೊಂದರ ದರವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯ ಶುಲ್ಕ ಅಂತ ಒಂದು ಸಾಲು ಕಂಡರೆ ಕೇಳಿ. ನಮ್ಮ ದೇಶದಲ್ಲಿ ಅದನ್ನು ಕೇಂದ್ರ ಸರಕಾರದ ರಾಜಾ ರಾಮಮೋಹನ್ ರಾಯ್ ಹೆಸರಿನ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತದೆ.

ಇನ್ನೊಂದು ನೇರವಾದ ಮಾತು. ಈ ದಾರಿಯಲ್ಲಿ ಪುಸ್ತಕ ಆಗುತ್ತದೆ, ನೀವು ಬರೆಯಲು ಕಲಿಯುವುದಿಲ್ಲ. ಬೇಕಾದ್ದು ಪುಸ್ತಕವೇ ಆದರೆ ಅದರಲ್ಲಿ ತಪ್ಪೇನಿದೆ?

ಹಾಗಾದರೆ ನಿಮಗೆ ಯಾವುದು?

ಆಗಲೇ ನೂರು ಪುಟ ಬರೆದಿಟ್ಟಿದ್ದೀರಿ, ಮುಂದೇನು ಅಂತ ತಿಳಿಯುತ್ತಿಲ್ಲ: ಇನ್ನೊಂದು ಸಾಲೂ ಬರೆಯಬೇಡಿ, ಗುಂಪು ಹುಡುಕಿ. ಸಿಗದಿದ್ದರೆ ನಿಮ್ಮ ಕತೆ ಗೊತ್ತಿಲ್ಲದ ಒಬ್ಬರನ್ನು ಹಿಡಿದು ಐದು ಪುಟ ಓದಿ ಹೇಳಿ, ಅವರು ಎಲ್ಲಿ ಪ್ರಶ್ನೆ ಕೇಳಿದರೋ ಅಲ್ಲಿ ಗುರುತು ಹಾಕಿ. ಕೈಯಲ್ಲಿ ಐವತ್ತು ಸಾವಿರ ಇದ್ದರೆ ಅದನ್ನು ಅಚ್ಚಿಗೆ ಸುರಿಯುವ ಮೊದಲು ಒಂದು ಪಾಲನ್ನು ಒಳ್ಳೆಯ ಸಂಪಾದಕರಿಗೆ ಕೊಡಿ. ಪ್ರೆಸ್ಸಿನಲ್ಲಿದ್ದವನೇ ಹೇಳುತ್ತಿದ್ದೇನೆ. ಮಾರಾಟವಾಗದ ಬಂಡಲುಗಳು ಮಂಚದ ಕೆಳಗೆ ಕೂತಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಕೆಲಸ, ಮಕ್ಕಳು, ಅಡುಗೆ ಎಲ್ಲ ಮುಗಿದು ಇಪ್ಪತ್ತು ನಿಮಿಷ ಸಿಗುವವರು: ರೆಕಾರ್ಡರ್ ಮತ್ತು ವಾಯ್ಸ್ ಟೈಪಿಂಗ್. ವಾರಕ್ಕೆ ಎರಡು ಪ್ರಸಂಗ ಸಾಕು. ವರ್ಷ ಕಳೆದ ಮೇಲೆ ಒಂದು ಕಮ್ಮಟಕ್ಕೋ ಸಣ್ಣ ಆನ್‌ಲೈನ್ ತಂಡಕ್ಕೋ ಹೋಗಿ. ಖಾಲಿ ಕೈಯಲ್ಲಿ ಹೋಗುವುದಕ್ಕಿಂತ ಆಗ ಸಿಗುವ ಲಾಭ ಜಾಸ್ತಿ.

ಪರದೇಶದಲ್ಲಿದ್ದೀರಿ, ಮಕ್ಕಳಿಗೆ ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ: ಬರೆಯುವುದು ನಿಮ್ಮ ಖುಷಿಗೆ ಇರಲಿ, ಆದರೆ ನಿಮ್ಮ ದನಿಯಲ್ಲೇ ಓದಿ ಇಡಿ.

ಬರೆಯಲು ಹೊರಟಿರುವುದು ಮನೆಯೊಳಗಿನ ಏಟಿನ ಕತೆ ಅಂತಾದರೆ ಸದ್ಯಕ್ಕೆ ನೋಟ್‌ಬುಕ್ಕು, ಬೀಗ, ಲೈಬ್ರರಿ. ಯಾರಿಗೂ ತೋರಿಸುವ ಅವಸರ ಬೇಡ. ಮೊದಲ ಕರಡಿನಲ್ಲಿ ಎಲ್ಲರ ನಿಜ ಹೆಸರನ್ನೂ ಬರೆಯಿರಿ, ಹೆಸರು ಬದಲಿಸುವ, ಬಿಡುವ ಯೋಚನೆ ಎರಡನೇ ಕರಡಿಗೆ ಇರಲಿ.

ಇನ್ನು ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಇಷ್ಟೆಲ್ಲ ಹೋಲಿಕೆ ಮಾಡುತ್ತ ಕೂರಬೇಡಿ. ನೋಟ್‌ಬುಕ್ಕು ಕಾಯುತ್ತದೆ, ಕಮ್ಮಟ ಮುಂದಿನ ವರ್ಷವೂ ಇರುತ್ತದೆ. ಈ ಭಾನುವಾರ ಮಧ್ಯಾಹ್ನ, ಊಟ ಆಗಿ ಒಂದು ನಿದ್ದೆ ಮುಗಿದ ಮೇಲೆ ಹತ್ತಿರ ಕೂರಿ. ಫ್ಯಾನು ನಿಲ್ಲಿಸಿ, ಅದರ ಸದ್ದು ಮಾತನ್ನು ನುಂಗುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಾನು ಹಾಕಿರಲಿಲ್ಲ. ದೊಡ್ಡಮ್ಮ ಅಪ್ಪಯ್ಯನ ಕೊನೆಯ ಮನಿಯಾರ್ಡರಿನ ಕತೆ ಹೇಳುತ್ತಿದ್ದಾಗ ಲೋನ್ ಬೇಕಾ ಅಂತ ಯಾರೋ ಫೋನ್ ಮಾಡಿದರು. ರೆಕಾರ್ಡಿಂಗ್ ಅಲ್ಲಿಗೆ ನಿಂತದ್ದು ನಾನು ನೋಡಿಕೊಳ್ಳಲಿಲ್ಲ. ಹನ್ನೆರಡು ನಿಮಿಷ ಮೂವತ್ತು ಸೆಕೆಂಡು ಇದೆ. "ಆ ದುಡ್ಡು ಯಾರಿಗೆ ಬಂದದ್ದು ಗೊತ್ತುಂಟಾ ನಿಂಗೆ" ಅಂತ ದೊಡ್ಡಮ್ಮ ಕೇಳುತ್ತಾರೆ, ಮುಂದೆ ಏನೂ ಇಲ್ಲ.